ಕಂಬಳಿಯ ಮೇಲೆ ಜೇನುಹುಳ

ನಿನ್ನೆ ತಲೆಗೆ ಹಚ್ಚಿಕೊಂಡ ಎಣ್ಣೆಗೆ ಮಲ್ಲಿಗೆಯ ವಾಸನೆ ಇದೆ. ಬೆಳಿಗ್ಗೆ ಎದ್ದು ಎರಡು ಸಲ ತೊಳೆದರೂ ಹೋಗಿಲ್ಲ. ಘಮ ಹಚ್ಚಿಕೊಂಡು ಹೋದವರನ್ನು ಜೇನುಹುಳ ಮೊದಲು ಹುಡುಕಿಕೊಂಡು ಬರುತ್ತವಂತೆ. ಮನೆಯಲ್ಲಿ ಹೇಳಿದರೆ ನಗುತ್ತಾರೆ. ಪೇಪರಿಗೆ ಬರೆಯಲೆಂದು ನಾನು ನೋಡಹೋಗುತ್ತಿರುವ, ಜೇನು ಸಾಕುವ ರಾಮವ್ವನವರಿಗೆ ಹೇಳಿದರೆ, ಹಾಗಿದ್ದರೆ ಇವತ್ತು ಬರಬೇಡಿ ಎಂದುಬಿಟ್ಟರೆ? ದಿನಚರಿಯಲ್ಲಿ ಒಂದು ಸಾಲು ಬರೆದೆ: 'ಎಣ್ಣೆಯ ವಿಷಯ ಯಾರಿಗೂ ಹೇಳಬಾರದು.' ಓಢಣಿಯನ್ನು ಕಿವಿ, ಹಣೆ ಮುಚ್ಚುವಂತೆ ಬಿಗಿದುಕೊಂಡು ಕತ್ತಲಲ್ಲೇ ಮನೆ ಬಿಟ್ಟಿದ್ದೇನೆ.

ಶೇಡಬಾಳದ ಹೊರಗೆ, ಹೊಳೆಯ ಕಡೆ ಇಳಿಯುವ ದಾರಿಯಲ್ಲಿ ಅಣ್ಣಾಸಾಬರ ಬೆಲ್ಲದ ಗಾಣ ಇದೆ. ಎತ್ತ ನೋಡಿದರೂ ಕಬ್ಬು. ಒಲೆಗೆ ಇನ್ನೂ ಕಬ್ಬಿನ ಒಣಗರಿಯ ರವದಿ ಹಾಕಿಲ್ಲ. ಕೆಲಸದವರು ನಿನ್ನೆಯ ಬೂದಿಯ ಬಿಸಿಗೆ ಕೈ ಕಾಯಿಸುತ್ತ ಚಹಾ ಕುಡಿಯುತ್ತಿದ್ದಾರೆ. ಕಬ್ಬಿನ ಹಾಲು ಬಂದು ತುಂಬುವ ತೊಟ್ಟಿಯ ಮೇಲೆ ಒಬ್ಬ ಹೆಂಗಸು ಬಗ್ಗಿದ್ದಾರೆ. ಕೈಯಲ್ಲಿ ಹಿಟ್ಟು ಸಾಣಿಸುವ ಜರಡಿ. ತೊಟ್ಟಿಯ ನೊರೆಯ ಮೇಲೆ ಬಿದ್ದು ಅಂಟಿಕೊಂಡ ಜೇನುಹುಳಗಳನ್ನು ನೊರೆಯ ಸಮೇತ ಎತ್ತುತ್ತಾರೆ, ಬೋಗುಣಿಯ ಉಗುರುಬೆಚ್ಚಗಿನ ನೀರಲ್ಲಿ ಒಮ್ಮೆ ಅದ್ದುತ್ತಾರೆ, ನೆಲಕ್ಕೆ ಹಾಸಿದ ಕರಿ ಕಂಬಳಿಯ ಮೇಲೆ ಮೆಲ್ಲಗೆ ಕೊಡವುತ್ತಾರೆ. ಮತ್ತೆ ತೊಟ್ಟಿಗೆ ಬಗ್ಗುತ್ತಾರೆ. ಇವರೇ ರಾಮವ್ವ. ವಯಸ್ಸು ಐವತ್ತರ ಆಸುಪಾಸು. ಗಾಣದಾಚೆಯ ಬದುವಿನ ಮೇಲೆ ಸಾಲಾಗಿ ಕುಳಿತ ಇಪ್ಪತ್ತು ಜೇನುಪೆಟ್ಟಿಗೆಗಳ ಒಡತಿ.

"ಸತ್ತಾವೇನ್ರಿ?" ಎಂದು ಕೇಳುತ್ತೇನೆ. ನನ್ನ ದನಿ ನನಗೇ ಕೇಳುವುದಿಲ್ಲ. ಎರಡನೇ ಸಲ ಕೇಳಬೇಕಾಗುತ್ತದೆ.

"ಕೆಲವು ಸತ್ತಾವ್ರಿ ಅಕ್ಕಾರ. ಕೆಲವು ಥಂಡಿಗಿ ಮರಗಟ್ಯಾವ. ಬಿಸಲ ಬೀಳಲಿ ತಡೀರಿ, ಯಾವ ಹ್ವಾದುವು, ಯಾವ ಉಳದುವು ಅಂತ ಕಂಬಳೀನ ಹೇಳತೈತಿ."

ನನ್ನ ತಾಯಿಯ ವಯಸ್ಸಿನವರು ನನ್ನನ್ನು ಅಕ್ಕಾರ ಎನ್ನುತ್ತಾರೆ. ನಮ್ಮದು ಇದೇ ಊರಿನ ಹೊಲಮನೆ ಇದ್ದವರ ಮನೆ; ಅವರದು ಕೊಕಟನೂರ ಕಡೆಯಿಂದ ಕುರಿ ಹೊಡೆದುಕೊಂಡು ಬರುತ್ತಿದ್ದವರ ಮನೆ. ಬೇಡ, ಹೆಸರು ಹಿಡಿದು ಕರೆಯಿರಿ ಎಂದು ಹೇಳಬೇಕೆಂದು ಬಂದ ಮೊದಲ ದಿನದಿಂದ ಅಂದುಕೊಳ್ಳುತ್ತಿದ್ದೇನೆ. ಇನ್ನೂ ಹೇಳಿಲ್ಲ.

ಅವರ ಗಂಡ ಭೀಮಸಿ ತೋಳು ಎದೆಗೆ ಕಟ್ಟಿಕೊಂಡು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. "ಈ ಕಂಬಳಿ ನಮ್ಮ ಮಾವ ಕೊಟ್ಟಿದ್ದರಿ, ಅಳಿಯಾ ಹೊಚ್ಚಿಕೊಳ್ಳಲಿ ಅಂತ. ಈಗ ನೋಡ್ರಿ, ಹುಳ ಹೊಚ್ಚಿಕೊಂಡಾವ. ಅಳಿಯಾ ಥಂಡ್ಯಾಗ ನಡಗಾಕತ್ತಾನ."

"ಕುಂತು ನಡಗೂದರ ಬದಲಿ ಒಂದ ಕೊಡಾ ನೀರ ತಂದಿದ್ರ ಮೈ ತಾನ ಬಿಸಿ ಆಕ್ಕಿತ್ತು," ಎಂದು ತಲೆ ಎತ್ತದೆಯೇ ಹೇಳುತ್ತಾರೆ ರಾಮವ್ವ.

ಕಬ್ಬಿನ ತುದಿ ದಾಟಿ ಬಿಸಿಲು ಕಂಬಳಿಯ ಅಂಚಿಗೆ ಬೀಳುತ್ತದೆ. ಮೊದಲು ಏನೂ ಇಲ್ಲ. ಕರಿ ಉಣ್ಣೆಯ ಮೇಲೆ ಒದ್ದೆ ಕಂದು ಚುಕ್ಕಿಗಳು ಮಾತ್ರ. ಆಮೇಲೆ ಒಂದು ಹುಳ ಮುಂಗಾಲಿನಿಂದ ಮುಖ ಒರೆಸಿಕೊಳ್ಳುತ್ತದೆ. ಅದರ ಪಕ್ಕದ್ದು ರೆಕ್ಕೆ ನಡುಗಿಸುತ್ತದೆ. ಸ್ವಲ್ಪ ಹೊತ್ತಿಗೆ ಇಡೀ ಕಂಬಳಿ ಸಣ್ಣಗೆ ಗುಂಯ್ ಎನ್ನತೊಡಗುತ್ತದೆ. ಒಂದು ಎದ್ದು ನೇರ ನನ್ನ ಓಢಣಿಯ ಮೇಲೆ, ಕಿವಿಯ ಹತ್ತಿರ ಬಂದು ಕೂರುತ್ತದೆ. ನಾನು ಉಸಿರು ಬಿಡುವುದಿಲ್ಲ.

"ಅಲುಗಾಡಬ್ಯಾಡ್ರಿ. ದಣದೈತಿ ಅದು. ಕಡ್ಯಾಕ ಅದಕ್ಕ ತ್ರಾಣರ ಎಲ್ಲೈತಿ," ಎನ್ನುತ್ತ ರಾಮವ್ವ ಅದನ್ನು ಬೆರಳಿಗೆ ಹತ್ತಿಸಿಕೊಂಡು ಪೆಟ್ಟಿಗೆಗಳ ಕಡೆ ಊದುತ್ತಾರೆ. ಎಣ್ಣೆಯ ಚಿಂತೆ ಅಲ್ಲಿಗೆ ಮುಗಿಯಿತು. ಆದರೆ ಈ ಬೆಳಗಿನಲ್ಲಿ ನನಗಿಂತ ಹೆಚ್ಚು ಹೆದರಿಕೊಂಡಿರುವುದು ಅವರು. ಊದುವಾಗ ಅವರ ತುಟಿ ಒಣಗಿರುವುದು ಕಾಣುತ್ತದೆ.

ಇವತ್ತು ಜೇನು ಸಂಗ್ರಹಣಾ ಕೇಂದ್ರದಿಂದ ಶೀತಲ ಎಂಬ ತರುಣ ಸಿಬ್ಬಂದಿ ಬರುತ್ತಾರೆ. ರಾಮವ್ವ ಕೊಟ್ಟ ಜೇನು ಕಳೆದ ತಿಂಗಳು ಪರೀಕ್ಷೆಯಲ್ಲಿ ಬಿದ್ದಿದೆ. ಅದರಲ್ಲಿ ಕಬ್ಬಿನ ಸಕ್ಕರೆಯ ಗುರುತು ಇದೆಯಂತೆ. ಹಾಗಂದರೆ ಕಲಬೆರಕೆ. ಕಾರಣ ಏನು ಎಂದು ಇವತ್ತು ರಾಮವ್ವ ಹೇಳಬೇಕು. ಹೇಳಿದ್ದು ಒಪ್ಪಿಗೆಯಾಗದಿದ್ದರೆ ಕೇಂದ್ರದವರು ಇನ್ನು ಮುಂದೆ ಅವರ ಜೇನು ಮುಟ್ಟುವುದಿಲ್ಲ. ಜೇನುಕೃಷಿಕರ ಪಟ್ಟಿಯಿಂದ ಹೆಸರು ಹೋಗುತ್ತದೆ. ಆ ಪಟ್ಟಿಯ ಮೇಲೆ ಸಿಗುವ ಸರ್ಕಾರದ ನೆರವೂ ಹೋಗುತ್ತದೆ.

"ಸಕ್ಕರಿ ಹಾಕಿಲ್ರಿ. ಬೀರಪ್ಪನ ಆಣಿ ಮಾಡಿ ಹೇಳ್ತೇನಿ. ಆದ್ರ ಬೀರಪ್ಪನ ಹೆಸರು ಮಶೀನಿಗಿ ತಿಳಿಬೇಕಲ್ರಿ?" ಎನ್ನುತ್ತಾರೆ. ನಗುವಿನಂತೆ ಶುರುವಾದ ಮಾತು ಕೊನೆಗೆ ನಗುವಾಗಿ ಉಳಿಯುವುದಿಲ್ಲ.

ರಾಮವ್ವನಿಗೆ ಜೇನು ತವರಿನಿಂದ ಬಂದ ವಿದ್ಯೆಯಲ್ಲ. ಮದುವೆಯಾಗಿ ಬಂದಾಗ ಮನೆ ತುಂಬ ಕುರಿ. ಮಳೆಗಾಲ ಕೊಕಟನೂರ ಕಡೆಯ ಒಣಭೂಮಿ ಮಡ್ಡಿಯಲ್ಲಿ, ಬೇಸಿಗೆ ಹೊಳೆಸಾಲಿನಲ್ಲಿ. ಬೆಳೆ ಕೊಯ್ದ ಹೊಲಕ್ಕೆ ಹಿಂಡು ಹೊಕ್ಕು ರಾತ್ರಿ ಮಲಗಿದರೆ ಗೊಬ್ಬರ ಆಗುತ್ತದೆಂದು ರೈತರೇ ಕರೆದು ಜೋಳ ಕೊಡುತ್ತಿದ್ದರು. ಆಮೇಲೆ ನೀರಾವರಿ ಬಂತು, ಹೊಳೆಸಾಲೆಲ್ಲ ಕಬ್ಬಾಯಿತು. ಒಂದು ಕಬ್ಬು ಕಡಿದರೆ ಕುಳೆ ಚಿಗುರುತ್ತದೆ, ಹೊಲ ಖಾಲಿ ಬೀಳುವುದೇ ಇಲ್ಲ. ಕುರಿ ಎಲ್ಲಿ ನಿಲ್ಲಬೇಕು? ಹಿಂಡು ಕರಗುತ್ತ ಬಂದು ಈಗ ಹಿತ್ತಲಲ್ಲಿ ನಾಲ್ಕಾರು ಉಳಿದಿವೆ.

ಅದೇ ಹೊತ್ತಿಗೆ ಊರ ಮಹಿಳಾ ಸಂಘಕ್ಕೆ ಸುದ್ದಿ ಬಂತು: ಜೇನು ಸಾಕುವವರಿಗೆ ಸರ್ಕಾರದಿಂದ ತರಬೇತಿ, ಪೆಟ್ಟಿಗೆಗೆ ಸಹಾಯಧನ. ಕೈ ಎತ್ತುವವರು ಯಾರೂ ಇಲ್ಲ. "ಹುಳಕ್ಕ ಎಲ್ಲಾರೂ ಹೆದರತಾರ್ರಿ. ನಾ ಅಡವ್ಯಾಗ ಬೆಳದಾಕಿ, ಹುಳಕ್ಕ ಹೆದರಲಿಲ್ಲ. ಹೆದರಬೇಕಾದ್ದು ಹುಳಕ್ಕಲ್ಲ ಅಂತ ಆಮ್ಯಾಲ ತಿಳೀತು."

ಕೊಟ್ಟದ್ದು ನಮ್ಮ ಕಡೆಯ ತುಡುವೆ ಹುಳವಲ್ಲ, ಹೊರದೇಶದ ತಳಿ. ರಾಮವ್ವ ಅದನ್ನು ಕರೆಯುವುದು 'ಸರ್ಕಾರಿ ಹುಳ' ಎಂದು. ಜೇನು ಹೆಚ್ಚು ಕೊಡುತ್ತದೆ, ಹೊಟ್ಟೆಯೂ ದೊಡ್ಡದು. ಒಂದು ಬೆಳೆಯ ಹೂ ಮುಗಿದೊಡನೆ ಇನ್ನೊಂದು ಬೆಳೆಯ ಕಡೆ ಹೊತ್ತುಕೊಂಡು ಹೋಗಬೇಕು. ಮಳೆಗಾಲದಲ್ಲಿ ಹೂ ಇಲ್ಲದಾಗ ಸಕ್ಕರೆ ಪಾಕ ಇಟ್ಟು ಬದುಕಿಸಿಕೊಳ್ಳಿ, ಆಗ ಜೇನು ತೆಗೆಯಬೇಡಿ ಎಂದು ತರಬೇತಿಯಲ್ಲೇ ಹೇಳಿದ್ದರು. ರಾಮವ್ವ ಹಾಗೇ ಮಾಡುತ್ತಾರೆ. ಮಳೆಗಾಲ ಮುಗಿದ ಮೇಲೆ ಪಾಕದ ಬಟ್ಟಲು ತೊಳೆದು ಮನೆಯಲ್ಲಿಟ್ಟು ಬರುತ್ತಾರೆ.

"ಮೊದಮೊದಲ ಇಕಿ ಸಂಜೀಕ ಪೆಟ್ಟಿಗಿ ಮುಂದ ನಿಂತು ಹುರ್ರ್ಯೋ ಅಂತ ಕರೀತಿದ್ಲರಿ," ಎಂದು ಭೀಮಸಿ ನಡುವೆ ಬಾಯಿ ಹಾಕುತ್ತಾರೆ. "ಕುರಿ ಕರದಂಗ! ಏನಬೇ, ಇವು ಹಾರೂ ಕುರಿ ಅಂತ ತಿಳಿದಿಯೇನ ಅಂದೆ."

"ಕರದ್ರ ಬರತಿದ್ದುವಲ್ಲ?"

"ಹೊತ್ತ ಮುಳಗಿದ್ದಕ್ಕ ಬರತಿದ್ದುವು. ನಿನ್ನ ದನಿ ಕೇಳಿ ಅಲ್ಲ. ನಿನ್ನ ದನಿಗಿ ನಾನ ದೂರ ಹೋಗ್ತೇನಿ."

ಪೆಟ್ಟಿಗೆಗಳ ನೆತ್ತಿಯ ಮೇಲೆ ಭಂಡಾರದ ಹಳದಿ ಇದೆ. ಹಿಂಡಿಗೆ ಹಚ್ಚುತ್ತಿದ್ದ ಹಾಗೆಯೇ ಬೀರಪ್ಪನ ವಾರ ಹಚ್ಚುತ್ತಾರೆ. ಕುರಿಯವರ ಕಣ್ಣಿನಿಂದಲೇ ರಾಮವ್ವ ಹುಳವನ್ನು ನೋಡುತ್ತಾರೆ. ಅದರಿಂದಲೇ ಅವರಿಗೆ ಹುಳದ ಕೆಲಸ ಬೇಗ ಹತ್ತಿತು. ಅದರಿಂದಲೇ ಈ ಸಲ ತಪ್ಪಿದ್ದಾರೆ.

ಹೋದ ಮಳೆಗಾಲ ಮಡ್ಡಿ ಕಡೆ ಮಳೆ ತಡವಾಯಿತು. ಸೂರ್ಯಪಾನ, ಅಂದರೆ ಸೂರ್ಯಕಾಂತಿ, ಬಿತ್ತುವುದೂ ತಡವಾಯಿತು. ಪೆಟ್ಟಿಗೆ ಹಗುರಾಗತೊಡಗಿದವು. ಮೇವಿಲ್ಲದಾಗ ಅವರ ಅತ್ತೆ ಮಾವ ಏನು ಮಾಡುತ್ತಿದ್ದರು? ಹಿಂಡನ್ನು ಹೊಳೆಸಾಲಿಗೆ ಹೊಡೆಯುತ್ತಿದ್ದರು. ಕಬ್ಬು ಕಡಿಯುವ ಸುಗ್ಗಿಯಲ್ಲಿ ಹಸಿ ಸೋಗೆ ಬೇಕಾದಷ್ಟು. ಕುರಿ ಒಂದು ತಿಂಗಳಲ್ಲಿ ಮೈ ತುಂಬಿಕೊಳ್ಳುತ್ತಿದ್ದವು. ರಾಮವ್ವನೂ ಹಾಗೇ ಮಾಡಿದರು. ಟೆಂಪೊ ಮಾಡಿಸಿ, ಅಣ್ಣಾಸಾಬರನ್ನು ಕೇಳಿ, ಗಾಣದ ಪಕ್ಕದ ಬದುವಿಗೆ ಪೆಟ್ಟಿಗೆ ತಂದಿಟ್ಟರು. ಹುಳ ಬದುಕಿಕೊಂಡರೆ ಸಾಕು ಎಂದು.

ಹುಳ ಬದುಕಿದ್ದಷ್ಟೇ ಅಲ್ಲ, ದಪ್ಪಗಾದವು. ಕಬ್ಬಿಗೆ ಹೂವಿಲ್ಲದಿದ್ದರೇನು, ಗಾಣದ ತುಂಬ ಸಿಹಿ ಇದೆ. ಕಡಿದ ಕಬ್ಬಿನ ತುದಿ, ಹಾಲಿನ ತೊಟ್ಟಿ, ಕೊಪ್ಪರಿಗೆಯ ಅಂಚಿನ ನೊರೆ. ಪೆಟ್ಟಿಗೆ ಎತ್ತಿದರೆ ಭಾರ. ರಾಮವ್ವ ಖುಷಿಯಿಂದ ಜೇನು ತೆಗೆದು ಕೇಂದ್ರಕ್ಕೆ ಕೊಟ್ಟು ಬಂದರು. "ತಿಳಿ ಇತ್ತರಿ. ರುಚಿ ನೋಡಿದಾಗ ಒಂದೀಟು ಬ್ಯಾರೆ ಅನಸ್ತು. ನೆಲಾ ಬ್ಯಾರೆ, ರುಚೀನೂ ಬ್ಯಾರೆ ಅಂದ್ಕೊಂಡೆ. ಹೊಳೆಸಾಲಿನ ಸ್ವಾಗಿ ತಿಂದ ಕುರಿ ಹಾಲೂ ಬ್ಯಾರೆ ಇರತಿತ್ತಲ್ರಿ."

ಕುರಿ ಸೋಗೆ ತಿಂದರೆ ಹಾಲಾಗುತ್ತದೆ. ಹುಳ ಕಬ್ಬಿನ ಹಾಲು ಕುಡಿದರೆ ಪರೀಕ್ಷೆಯ ಕಣ್ಣಿಗೆ ಅದು ಸಕ್ಕರೆಯಾಗಿಯೇ ಉಳಿಯುತ್ತದೆ.

ಈ ಪರೀಕ್ಷೆ ಕೆಟ್ಟದ್ದು ಎನ್ನಲಾರೆ. ಸಕ್ಕರೆ ಪಾಕಕ್ಕೆ ಬಣ್ಣ ಕೊಟ್ಟು ಜೇನೆಂದು ಮಾರುವವರನ್ನು ಹಿಡಿಯಲು ಮಾಡಿದ ನಿಯಮ ಅದು. ಆದರೆ ಸಕ್ಕರೆ ಇದೆಯೇ ಎಂದು ಅದು ಕೇಳುತ್ತದೆ, ಹೇಗೆ ಬಂತೆಂದು ಕೇಳುವುದಿಲ್ಲ. ಶೀತಲ ಮೊನ್ನೆ ಫೋನಿನಲ್ಲಿ ಹೇಳಿದ ಇನ್ನೊಂದು ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ದೊಡ್ಡ ವ್ಯಾಪಾರಿಗಳು ನೂರಾರು ಕಡೆಯ ಜೇನನ್ನು ಒಟ್ಟಿಗೆ ಸುರಿದು ಬೆರೆಸುತ್ತಾರೆ. ಒಂದು ಡಬ್ಬಿಯಲ್ಲಿ ಕಬ್ಬಿನ ಗುರುತಿದ್ದರೂ ಉಳಿದದ್ದರಲ್ಲಿ ಅದು ತೆಳುವಾಗಿ ಮಿತಿಯೊಳಗೆ ಬರುತ್ತದೆ. ರಾಮವ್ವನ ಜೇನು ಒಂದೇ ಬದುವಿನದು. ಅಡಗಲು ಅದಕ್ಕೆ ಜಾಗವೇ ಇಲ್ಲ.

ಬೆಲೆಯಲ್ಲೂ ಹಾಗೆಯೇ. ಅಥಣಿಯ ಅಂಗಡಿಗಳಲ್ಲಿ ಒಂದು ಬಾಟಲಿ ಜೇನು ಕೊಂಡರೆ ಇನ್ನೊಂದು ಪುಕ್ಕಟೆ. ಆ ಎರಡರ ಬೆಲೆಗೆ ರಾಮವ್ವ ಒಂದನ್ನೂ ಕೊಡಲಾರರು. ಪೆಟ್ಟಿಗೆಗೆ ಸಹಾಯಧನ ಇದೆ. ಪೆಟ್ಟಿಗೆ ಹೊರುವ ಟೆಂಪೊಗೆ ಇಲ್ಲ. ಹೂವಿನ ಹಿಂದೆ ಓಡಾಡಿ ಎನ್ನುತ್ತಾರೆ. ಓಡಾಡುವ ಖರ್ಚೇ ಜೇನಿನ ಅರ್ಧ ತಿನ್ನುತ್ತದೆ. ಇಷ್ಟು ಸಣ್ಣ ಸಂಖ್ಯೆಯ ಪೆಟ್ಟಿಗೆಗೂ ಅದೇ ಟೆಂಪೊ ಬೇಕು, ಐದು ಪಟ್ಟು ಪೆಟ್ಟಿಗೆ ಇದ್ದವರಿಗೂ ಅದೇ ಟೆಂಪೊ.

"ಕುರಿ ಸತ್ರ ಡಾಕ್ಟರ ಬಂದು ನೋಡ್ತಾರ. ಹುಳಾ ಸತ್ರ ಯಾರಿಗಿ ತೋರಸ್ಲಿ? ಮುಟಗ್ಯಾಗ ಹಿಡಕೊಂಡು ಎಲ್ಲಿಗಿ ಹೋಗ್ಲಿ?" ಎಂದು ಕೇಳುತ್ತಾರೆ. ಪ್ರತಿದಿನ ಬೆಳಿಗ್ಗೆ ಪೆಟ್ಟಿಗೆಗಳ ಬಾಯಿಯ ಮುಂದೆ ಸಣ್ಣ ಕಸಬರಿಗೆಯಿಂದ ಗುಡಿಸಿ, ಸತ್ತ ಹುಳಗಳನ್ನು ಅಂಗೈ ಮೇಲೆ ಹಾಕಿಕೊಂಡು ನೋಡುತ್ತಾರೆ. ನಾಲಿಗೆ ಹೊರಗೆ ಚಾಚಿ ಸತ್ತಿದ್ದರೆ ಅದು ವಿಷ. ಯಾರೋ ಔಷಧ ಹೊಡೆದಿದ್ದಾರೆ ಎಂದರ್ಥ. ಯಾರು ಎಂದು ಕೇಳುವ ಹಾಗಿಲ್ಲ. ಕೇಳಿದರೆ ಆ ಹೊಲದ ಮಗ್ಗುಲಲ್ಲಿ ಮುಂದಿನ ವರ್ಷ ಜಾಗ ಸಿಗುವುದಿಲ್ಲ.

ಜಾಗ. ಮಾತು ಎಲ್ಲಿಂದ ಹೊರಟರೂ ಅಲ್ಲಿಗೇ ಬರುತ್ತದೆ. ಹುಳ ಬಂದರೆ ಸೂರ್ಯಪಾನ, ದಾಳಿಂಬೆ ಚೆನ್ನಾಗಿ ಕಾಯಿ ಕಟ್ಟುತ್ತವೆ. ಕುರಿ ಮಲಗಿಸಿದ್ದಕ್ಕೆ ಜೋಳ ಕೊಟ್ಟ ಹಾಗೆ ಇದಕ್ಕೂ ರೈತರು ಏನಾದರೂ ಕೊಡುತ್ತಾರೆಂದು ರಾಮವ್ವ ಎಣಿಸಿದ್ದರು. ಆಗಿದ್ದು ತಿರುಗಾಮುರುಗಾ. ಅಥಣಿ ಹತ್ತಿರದ ದಾಳಿಂಬೆ ತೋಟದವರೊಬ್ಬರು, "ನಿನ್ನ ಹುಳ ನನ್ನ ಹೂವಿನ ರಸಾ ಕುಡ್ಯಾಕ ಬಂದಾವ. ನಂಗೇನ ಕೊಡ್ತಿ?" ಎಂದರು. ರಾಮವ್ವ ಎರಡು ಬಾಟಲಿ ಜೇನು ಕೊಟ್ಟು ಕೈ ಮುಗಿದು ಪೆಟ್ಟಿಗೆ ಇಟ್ಟರು.

ನಿಮಗೇನು ಬೇಕು ಎಂದು ಕೇಳಿದರೆ ಬದುವಿನ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸುತ್ತಾರೆ. "ಒಂದ ಬದು ಇರಬೇಕ್ರಿ. ಉದ್ದಂದು ಬ್ಯಾಡ. ಯಾರನೂ ಕೇಳದ ಪೆಟ್ಟಿಗಿ ಇಡೂವಂಥಾದ್ದು." ಆಮೇಲೆ, ಹೆಚ್ಚು ಕೇಳಿಬಿಟ್ಟೆನೇನೋ ಎಂಬಂತೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ.

ಬಿಸಿಲು ಏರಿದೆ. ಕಂಬಳಿ ಬಹುಪಾಲು ಖಾಲಿಯಾಗಿದೆ. ರಾಮವ್ವ ಸಂಜೆಯ ಕೆಲಸ ಹೇಳುತ್ತಿದ್ದಾರೆ: ಕತ್ತಲಾಗಿ ಹುಳ ಒಳಸೇರಿದ ಮೇಲೆ ಬಾಯಿ ಮುಚ್ಚಿ, ಪೆಟ್ಟಿಗೆಗಳನ್ನು ಟೆಂಪೊಗೆ ಏರಿಸಿ ಕೊಕಟನೂರ ಕಡೆ ಹೊರಡುವುದು. ಅಲ್ಲಿ ಸೂರ್ಯಪಾನ ಕೊನೆಗೂ ಅರಳಿದೆ. ಮಾತು ಅರ್ಧಕ್ಕೆ ನಿಲ್ಲುತ್ತದೆ. ಅವರು ತಲೆ ಓರೆ ಮಾಡುತ್ತಾರೆ. ಕಬ್ಬಿನ ಮೇಲಿಂದ ಒಂದು ಸದ್ದು. ಜೇನಿನ ಸದ್ದಿನಂಥದ್ದೇ, ಅದಕ್ಕಿಂತ ದಪ್ಪ.

"ಡ್ರೋಣು!" ಎಂದು ರಾಮವ್ವ ಕೂಗುತ್ತಾರೆ.

ಈಗ ಕಬ್ಬಿಗೆ ಡ್ರೋನಿನಿಂದ ಔಷಧ, ನಮ್ಮ ಕಡೆಯ ಮಾತಲ್ಲಿ ಎಣ್ಣೆ, ಹೊಡೆಯುತ್ತಾರೆ. ಆಳು ಬೇಕಿಲ್ಲ, ಬೇಗ ಮುಗಿಯುತ್ತದೆ, ಅದಕ್ಕೂ ಸಹಾಯಧನ ಇದೆ. ಹೆಗಲಿಗೆ ಪಂಪು ಹಾಕಿಕೊಂಡು ಬರುವ ಆಳಾದರೆ ದೂರದಿಂದಲೇ ಕಾಣುತ್ತಾನೆ, ಅಣ್ಣಾ ಒಂದೀಟು ತಡಿ ಎನ್ನಬಹುದು. ಇದು ಯಾರ ಹೊಲದಿಂದ ಏಳುತ್ತದೋ ಗೊತ್ತೇ ಆಗುವುದಿಲ್ಲ. ರಾಮವ್ವ ಓಡುತ್ತಾರೆ. ಭೀಮಸಿ ಚಿಂದಿ ಅರಿವೆ ನೀರಲ್ಲಿ ಅದ್ದಿ ಅದ್ದಿ ಎಸೆಯುತ್ತಾರೆ. ಒಂದೊಂದೇ ಪೆಟ್ಟಿಗೆಯ ಬಾಯಿಗೆ ಒದ್ದೆ ಅರಿವೆ ತುರುಕಬೇಕು. ನಾನೂ ಮಂಡಿಯೂರಿ ತುರುಕುತ್ತೇನೆ. ಅರಿವೆಯ ಆಚೆ ಸಾವಿರ ಕಾಲುಗಳು ಕೆರೆಯುವುದು ಬೆರಳಿಗೆ ತಿಳಿಯುತ್ತದೆ. ಹೊರಗೆ ಹೋಗಿದ್ದ ಹುಳಗಳು ವಾಪಸು ಬಂದು ಮುಚ್ಚಿದ ಬಾಗಿಲಿಗೆ ಡಿಕ್ಕಿ ಹೊಡೆಯುತ್ತವೆ, ಮತ್ತೆ ಬರುತ್ತವೆ, ಮತ್ತೆ ಹೊಡೆಯುತ್ತವೆ.

ಸದ್ದು ತಲೆಯ ಮೇಲೆ ಬಂದು ನಿಲ್ಲುತ್ತದೆ. ರಾಮವ್ವ ಎರಡೂ ಕೈ ಅಗಲಿಸಿ ಪೆಟ್ಟಿಗೆಗಳ ಮುಂದೆ ನಿಂತಿದ್ದಾರೆ, ಮೇಲಿಂದ ಬೀಳುವುದನ್ನು ಸೀರೆಯ ಸೆರಗು ತಡೆಯುತ್ತದೆ ಎಂಬಂತೆ.

ಗಾಣದ ಕೆಲಸದವನೊಬ್ಬ ನಗುತ್ತ ಕೂಗುತ್ತಾನೆ: "ಏ ಅವ್ವಾ, ಅದು ಎಣ್ಣಿ ಹೊಡೆಯೂದಲ್ಲ! ಮದವಿ ಫೋಟೋದ್ದು! ಆ ಕಡೆ ಹೊಳಿದಂಡ್ಯಾಗ ಮದುಮಗಾ ಮದುಮಗಳು ಕುಣ್ಯಾಕತ್ತಾರ!"

ಎಲ್ಲರೂ ನಗುತ್ತಾರೆ. ಭೀ‌ಮಸಿ, "ನಮ್ಮದೂ ಒಂದ ಫೋಟೋ ಬಂತಲ್ಲ ಬೇ," ಎನ್ನುತ್ತಾರೆ. ರಾಮವ್ವನೂ ನಗಲು ನೋಡುತ್ತಾರೆ. ಆದರೆ ಕೈ ಇಳಿಸುವುದನ್ನು ಮರೆತಿದ್ದಾರೆ. "ಇವತ್ತ ಫೋಟೋದ್ದು," ಎಂದು ಮೆಲ್ಲಗೆ ಹೇಳುತ್ತಾರೆ, ನನಗೊಬ್ಬಳಿಗೇ ಕೇಳುವ ಹಾಗೆ. "ದಿನಾ ಫೋಟೋದ್ದ ಇರತೈತೇನ್ರಿ?"

ಅರಿವೆಗಳನ್ನು ಕಿತ್ತು ತೆಗೆಯುತ್ತಿರುವಾಗ ಶೀತಲರ ಮೋಟರ್‌ಸೈಕಲ್ಲು ಬಂದು ನಿಲ್ಲುತ್ತದೆ. ಇಪ್ಪತ್ತೈದರ ತರುಣ, ಕಾಗವಾಡದವರು. ಕೆಟ್ಟ ಸುದ್ದಿ ತಂದವರಿಗಿರುವ ಸಂಕೋಚ ಮುಖದಲ್ಲಿದೆ. ನೀರು ಕೊಟ್ಟರೆ ಕುಡಿಯುತ್ತಾರೆ, ಪೆಟ್ಟಿಗೆ ಚೆನ್ನಾಗಿವೆ ಎನ್ನುತ್ತಾರೆ, ಆಮೇಲೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಾರೆ.

"ರಾಮವ್ವಾರ, ಕಾರಣಾ ಏನಂತ ತಿಳಸ್ಲಿರಿ? ಸಕ್ಕರಿ ಹಾಕಿದ್ರಿ ಅಂದ್ರ ನನ್ನ ಕೈಯಾಗ ಏನೂ ಇಲ್ಲ, ಹೆಸರು ತಗೀತಾರ. ಜಾಗಾದ ಕಾರಣಾ ಅಂದ್ರ ಮಾತ ಬ್ಯಾರೆ. ಜಾಗಾ ಬದಲಿ ಮಾಡಿ ಹೊಸಾ ಜೇನು ಕೊಡ್ರಿ, ಇನ್ನೊಮ್ಮೆ ಪರೀಕ್ಷಾ ಮಾಡಸ್ತೇನಿ. ಆದ್ರ ಯಾವ ಜಾಗಾ, ಅಲ್ಲಿ ಏನಿತ್ತು ಅಂತ ಬಿಚ್ಚಿ ಹೇಳಬೇಕ. ಕಣ್ಣಾರೆ ನೋಡಿದವರು ಒಬ್ಬರು ಹೇಳಬೇಕ. ನೀವು ಹೇಳಿದ್ರ ನಡ್ಯಾಂಗಿಲ್ಲ, ಮನಿಯವರು ಹೇಳಿದ್ರೂ ನಡ್ಯಾಂಗಿಲ್ಲ."

ರಾಮವ್ವ ಉತ್ತರಿಸುವ ಮೊದಲೇ ಗಾಣದ ಕಡೆಯಿಂದ ಅಣ್ಣಾಸಾಬರು ಬರುತ್ತಾರೆ. ಬಿಳಿ ಟೋಪಿ, ಬಿಳಿ ಅಂಗಿ, ದೊಡ್ಡ ನಗು. ನನ್ನ ಅಪ್ಪನ ಗೆಳೆಯರು. ನಾನು ಹುಟ್ಟಿದಾಗಿನಿಂದ ಕಾಕಾ ಎಂದು ಕರೆಯುವವರು. ನಮ್ಮ ಮನೆಯ ಕಬ್ಬೂ ಇದೇ ಗಾಣಕ್ಕೆ ಬರುತ್ತದೆ.

"ಏನ್ ಬಾಳಾ, ಪೇಪರಿನ್ಯಾಗ ಗಾಣದ ಫೋಟೋ ಬರತೈತಂತ? ಮೊದಲ ಹೇಳಬಾರ್ದೇನ, ದಾಡಿ ಮಾಡ್ಕೊಂಡ ಬರ್ತಿದ್ದೆ!" ಎನ್ನುತ್ತಾರೆ ನನಗೆ; ಅವರಿಗೆ ನಾನು ಇನ್ನೂ ಬಾಳ, ಮಗು. ಆಮೇಲೆ ಶೀತಲರನ್ನು ನೋಡುತ್ತಾರೆ. ನಗು ಹಾಗೇ ಇದೆ, ಕಣ್ಣು ಮಾತ್ರ ನಗುತ್ತಿಲ್ಲ.

ಅವರು ಕೆಟ್ಟ ಮನುಷ್ಯರಲ್ಲ. ಈ ಬದು ಅವರದು. ಒಂದು ಬಾಟಲಿ ಜೇನನ್ನೂ ಕೇಳದೆ ಕೊಟ್ಟಿದ್ದಾರೆ. ಕೊಪ್ಪರಿಗೆಯ ಹತ್ತಿರ ಹುಳ ಕಡಿದು ಕೆಲಸದವರು ಗೊಣಗಿದಾಗ, ರಾಮವ್ವನ ಹುಳ, ಸುಮ್ಮನಿರ್ರಿ ಎಂದಿದ್ದಾರೆ. ಬೆಳಿಗ್ಗೆ ತೊಟ್ಟಿಗೆ ಜರಡಿ ಹಾಕಲು ಬಿಟ್ಟಿದ್ದಾರೆ. ಆದರೆ ರವದಿಯ ರಾಶಿಯ ಹಿಂದೆ ತಾಡಪತ್ರಿ ಹೊದಿಸಿದ ಬಿಳಿ ಚೀಲಗಳಿವೆ. ಮೊದಲ ದಿನ ನಾನು ಅತ್ತ ನೋಡಿದಾಗ ರಾಮವ್ವ, "ಆ ಕಡೆ ನೋಡಬ್ಯಾಡ್ರಿ ಅಕ್ಕಾರ," ಎಂದಿದ್ದರು. ತಾಡಪತ್ರಿ ಸರಿದ ಮೂಲೆಯಲ್ಲಿ ಹುಳ ಮುತ್ತಿದ್ದವು. ಒಳಗಿರುವುದು ಬೆಲ್ಲಕ್ಕೆ ಬೆರೆಸುವ ಸಕ್ಕರೆ ಎಂದು ತಿಳಿಯಲು ಅಷ್ಟು ಸಾಕಾಗಿತ್ತು. ಬೆಲ್ಲಕ್ಕೆ ಬೆಳ್ಳಗಿನ ಬಣ್ಣ ಇಲ್ಲದಿದ್ದರೆ ಪ್ಯಾಟಿಯಲ್ಲಿ ಕೇಳುವವರಿಲ್ಲ ಎಂದು ಅಪ್ಪನ ಹತ್ತಿರ ಕಾಕಾ ಹೇಳಿಕೊಳ್ಳುವುದನ್ನು ಕೇಳಿದ್ದೇನೆ.

ಅಣ್ಣಾಸಾಬರು ಶೀತಲರ ಹೆಗಲ ಮೇಲೆ ಕೈ ಹಾಕಿ ಒಂದು ಹೆಜ್ಜೆ ಆಚೆ ಕರೆದುಕೊಳ್ಳುತ್ತಾರೆ. "ಜಾಊ ದೇ ರೇ. ಗುರ್ಹಾಳಾಚಂ ನಾವ ನಕೋ." ಬಿಟ್ಟುಬಿಡು, ಗಾಣದ ಹೆಸರು ಬೇಡ. ನಮ್ಮ ಕಡೆ ಎಲ್ಲರಿಗೂ ಮರಾಠಿ ಬರುತ್ತದೆ. ಆದರೂ ಮರಾಠಿಗೆ ಹೊರಳಿದರೆ ಮಾತು ಖಾಸಗಿಯಾಗುತ್ತದೆಂದು ಎಲ್ಲರೂ ನಂಬುತ್ತಾರೆ, ಕೇಳಿಸಿಕೊಂಡವರು ಕೇಳಿಸದಂತೆ ನಿಲ್ಲುತ್ತಾರೆ. "ಇವತ್ತ ಜೇನಿಗಿ ಬಂದವರು ನಾಳಿ ಬೆಲ್ಲಕ್ಕ ಬರ್ತಾರ. ಗೊತ್ತೈತಲ್ಲ ನಿಂಗ," ಎಂದು ಅವರೇ ಮತ್ತೆ ಕನ್ನಡಕ್ಕೆ ಬರುತ್ತಾರೆ. ಗದರಿಸುವ ದನಿಯಲ್ಲ. ಅವರಿಗೂ ಹೆದರಿಕೆಯೇ.

ಶೀತಲ ರಾಮವ್ವನ ಕಡೆ ತಿರುಗುತ್ತಾರೆ. ರಾಮವ್ವ ಅಣ್ಣಾಸಾಬರ ಕಡೆ ನೋಡುತ್ತಾರೆ, ಬದುವಿನ ಕಡೆ ನೋಡುತ್ತಾರೆ.

"ಸಕ್ಕರೀನ ರಿ," ಎನ್ನುತ್ತಾರೆ. "ನಾನ ಇಟ್ಟಿದ್ದೆ. ತಪ್ಪಾತರಿ."

"ಎಲ್ಲಿ ಇಟ್ಟಿ ಬೇ?" ಭೀಮಸಿ ಎದ್ದು ನಿಲ್ಲುತ್ತಾರೆ. ಇಷ್ಟು ಹೊತ್ತು ತಮಾಷೆ ಮಾಡುತ್ತಿದ್ದ ಮನುಷ್ಯನ ದನಿ ಒಡೆದಿದೆ. "ಬಟ್ಟಲಾ ತೊಳದು ಮನ್ಯಾಗ ಇಟ್ಟು ಬಂದೀಯಲ್ಲ! ಕಳ್ಳಿ ಅನಸ್ಕೊತಿಯೇನ ಸುಮಸುಮ್ಕ?"

"ನೀ ಸುಮ್ನಿರು." ಗಂಡನಿಗೆ ಹೇಳುವಾಗಲೂ ಕಣ್ಣು ನೆಲದಲ್ಲಿ. "ಕೇಂದ್ರ ಹ್ವಾದ್ರ ಸಂತ್ಯಾಗ ಕುಂತು ಮಾರ್ತೇನಿ. ಕಳ್ಳಿ ಅಂದ್ರ ಅನ್ನಲಿ. ಬದು ಹ್ವಾದ್ರ ಪೆಟ್ಟಿಗಿ ಎಲ್ಲಿ ಇಡ್ಲಿ? ಇಕಿ ಹೊಲಾ ಕೊಟ್ಟವರ ಹೆಸರ ಹೇಳ್ತಾಳ ಅಂತ ಒಮ್ಮಿ ಆತಂದ್ರ, ಅಥಣಿಯಿಂದ ರಾಯಬಾಗ ಮಟಾ ಯಾರ ತಮ್ಮ ಬದುವಿಗಿ ಕರೀತಾರ ನನ್ನ?"

ಅಣ್ಣಾಸಾಬರು ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾರೆ. ಅವರಿಗೂ ಈ ಮಾತು ಬೇಕಿರಲಿಲ್ಲ. ಬೇಡ ಎನ್ನುವ ಧೈರ್ಯವೂ ಇಲ್ಲ. ಶೀತಲ ಗಾಣದ ಕೆಲಸದವರ ಕಡೆ ನೋಡುತ್ತಾರೆ. ಅವರು ತಮ್ಮ ಕಾಲು ನೋಡಿಕೊಳ್ಳುತ್ತಾರೆ. "ನೋಡಿದವರು ಯಾರೂ ಇಲ್ಲೇನ್ರಿ ಹಂಗಾರ?" ಎಂದು ಶೀತಲ ಕೇಳುತ್ತಾರೆ, ಯಾರಿಗೂ ಅಲ್ಲದಂತೆ.

ನನ್ನ ಕಡೆ ಯಾರೂ ನೋಡುವುದಿಲ್ಲ. ಅದು ನನಗೆ ರೂಢಿ. ಮನೆಯಲ್ಲಿ, ಕಾಲೇಜಿನಲ್ಲಿ, ಮದುವೆಗಳಲ್ಲಿ, ನಾನು ಇದ್ದರೂ ಇಲ್ಲದ ಹಾಗೆ ಮಾತು ನಡೆಯುತ್ತದೆ. ಅದರ ಮರೆಯಲ್ಲಿ ನನಗೆ ಸುಖವೂ ಇತ್ತು. ಮುಂದಿನ ವಾರ ನಮ್ಮ ಕಬ್ಬಿನ ಪಾಳಿ. ಅಪ್ಪನಿಗೆ ಏನು ಹೇಳಲಿ? ಕಾಕಾ ನಮ್ಮ ಮನೆಗೆ ಬರುವುದು ಬಿಟ್ಟರೆ? ಮಗಳಿಗೆ ಪೇಪರಿನ ಹುಚ್ಚು ಹತ್ತಿಸಿ ಕೆಡಿಸಿದಿರಿ ಎಂದು ಅವ್ವ ಓಣಿಯಲ್ಲಿ ಎಷ್ಟು ದಿನ ಕೇಳಬೇಕಾದೀತು? ಇದನ್ನು ಸಂಜೆ ದಿನಚರಿಯಲ್ಲಿ ಬರೆಯಬಹುದು ಎಂದು ಒಂದು ಕ್ಷಣ ಅನ್ನಿಸುತ್ತದೆ. ಎಲ್ಲವನ್ನೂ ಬರೆಯಬಹುದು. ಬರೆದು ಮುಚ್ಚಿಡಬಹುದು.

ಶೀತಲ ಮೋಟರ್‌ಸೈಕಲ್ಲಿನ ಕೀಲಿ ತೆಗೆಯುತ್ತಾರೆ. ರಾಮವ್ವ ಅವರಿಗೆ ಕೈ ಮುಗಿಯುತ್ತಾರೆ, ಮಾಡದ ತಪ್ಪಿಗೆ, ಎರಡೂ ಕೈ ಹಣೆಗೆ ಮುಟ್ಟಿಸಿ.

"ಕಾಕಾ," ಎನ್ನುತ್ತೇನೆ. ಈ ಸಲ ನನ್ನ ದನಿ ನನಗೆ ಕೇಳುತ್ತದೆ. "ಆ ಹುಳಾ ಕುಡದದ್ದು ನಿಮ್ಮ ಗಾಣದ್ದು. ನಾ ನೋಡೀನಿ."